ಕೊನೆಯ ಮಾತಷ್ಟೇ ಉಳಿಯುತ್ತದೆ

ಓದುವವರಿಗೆಲ್ಲ ನಮಸ್ಕಾರ. ದೊಡ್ಡವನಾದ ಮೇಲೆ ಓದುಬರಹ ಕಲಿತವನು ನಾನು. ಮೊಬೈಲ್‌ನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದೇನೆ. ಒತ್ತು, ದೀರ್ಘ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನನ್ನ ಮಗಳಿಗೆ ಆರು ವರ್ಷ. ಆಟಿಸಂ ಇದೆ. ಹೇಳಿದ ಮಾತನ್ನು ಕೆಲಸ ಮುಗಿಯುವವರೆಗೆ ತಲೆಯಲ್ಲಿ ಹಿಡಿದಿಟ್ಟುಕೊಳ್ಳುವುದು ಇವಳಿಗೆ ಕಷ್ಟ ಎಂದರು ತುಮಕೂರಿನ ಡಾಕ್ಟರಮ್ಮ. ಮನೆಯಲ್ಲಿ ನಮಗೆ ಗೊತ್ತಿದ್ದದ್ದೇ. "ಒಳಗೋಗಿ ಲೋಟ ತಗೊಂಡು ಅಜ್ಜಿಗೆ ಕೊಟ್ಟು ಬಾ" ಎಂದರೆ ಅವಳಲ್ಲಿ ಉಳಿಯುವುದು ಕೊನೆಯ "ಬಾ" ಮಾತ್ರ. ನೇರ ಬಂದು ಮೈಗೆ ಅಂಟಿಕೊಂಡು ನಿಲ್ಲುತ್ತಾಳೆ. ನಮ್ಮಲ್ಲಿ ಯಾವ ಕೆಲಸ ಹೇಳಿದರೂ ಬಾಲಕ್ಕೆ ಒಂದು "ಬಾ" ಇದ್ದೇ ಇರುತ್ತದಲ್ಲ. ಬಿಡಿಸಿ ಒಂದೊಂದೇ ಹೇಳಿದರೆ ಎಲ್ಲವನ್ನೂ ಮಾಡುತ್ತಾಳೆ.

ನಾವಿರುವ ಶೆಟ್ಟಿಹಳ್ಳಿ ಸುತ್ತಿನ ಶಾಲೆಗಳು ಆಗಲ್ಲ ಎಂದವು. ಕುಣಿಗಲ್‌ನಲ್ಲಿ ಅತ್ತೆಮನೆ ಹತ್ತಿರವೂ ಅದೇ ಉತ್ತರ. ಗುಬ್ಬಿಯಲ್ಲೊಂದು ಶಾಲೆ ಸೇರಿಸಿಕೊಳ್ಳಬಹುದು ಎಂದು ಯಾರೋ ಹೇಳಿದರು. ಸೀಟು ಸಿಕ್ಕರೆ ಮನೆಯನ್ನೇ ಅಲ್ಲಿಗೆ ಸಾಗಿಸುವುದು ಎಂದುಕೊಂಡು ಹೋದೆವು.

ಸೀಟಿಗೆ ಬಂದಿದ್ದ ಬೇರೆ ಅಪ್ಪಅಮ್ಮಂದಿರ ಮುಂದೆಯೇ ಅಲ್ಲಿನ ಮೇಡಂ ಇವಳನ್ನು ಪರೀಕ್ಷೆ ಮಾಡಿದರು.

"ಆ ಮೂಲೆಗೋಗಿ, ಕೆಂಪು ಚೆಂಡು ತಗೊಂಡು, ಬುಟ್ಟಿಗೆ ಹಾಕಿ ಬಾ ಪುಟ್ಟಿ."

ಮಗಳು ಹೋಗಿ ಮೇಡಂ ಸೀರೆ ಹಿಡಿದುಕೊಂಡಳು.

"ಚೆಂಡೆಲ್ಲೇ?"

ಸುಮ್ಮನೆ ನಕ್ಕಳು. ಮೇಡಂ ಮತ್ತೆ ಹೇಳಿದರು. ಇವಳು ಸೀರೆಯನ್ನು ಇನ್ನೂ ಬಿಗಿಯಾಗಿ ಹಿಡಿದಳು. ಮೇಡಂ ಸ್ವಲ್ಪ ದಪ್ಪಗಿದ್ದರು. ಬೆಂಚಿನಲ್ಲಿದ್ದ ಒಬ್ಬ, "ನಿಮ್ನೇ ಚೆಂಡು ಅನ್ಕಂಡವ್ಳೆ ಮೇಡಂ, ಬುಟ್ಟಿಗೆ ಹಾಕ್ಬುಟ್ಟಾಳು" ಎಂದ. ಎಲ್ಲರೂ ನಕ್ಕರು. ಆಟ ಎಂದುಕೊಂಡು ಮಗಳೂ ಚಪ್ಪಾಳೆ ತಟ್ಟಿದಳು. ಮೇಡಂ ನಗಲಿಲ್ಲ.

"ಒಂದೊಂದೇ ಹೇಳಿ ಮೇಡಂ, ಮಾಡ್ತಾಳೆ" ಎಂದೆ.

"ಕ್ಲಾಸಿಗೆ ಪಾಠ ಮಾಡ್ಲಾ, ಇವಳಿಗೆ ತುತ್ತು ತುತ್ತಾಗಿ ತಿನ್ನಿಸ್ಲಾ? ಇಂಥವನ್ನ ಮನೇಲಿಟ್ಕೊಳಿ."

ನನ್ನ ಹೆಂಡತಿ ಕೈಮುಗಿದಳು. "ಇನ್ನೊಂದ್ಸಲ ನೋಡಿ ಮೇಡಂ."

ಮೇಡಂ ಮಗಳ ಬೆರಳುಗಳನ್ನು ಸೀರೆಯಿಂದ ಕಿತ್ತು, ಅವಳನ್ನು ಬಾಗಿಲ ಕಡೆ ತಿರುಗಿಸಿದರು.

"ಹೋಗು."

ಮಕ್ಕಳಿಗೆ ನಾವು ಬರೀ "ಹೋಗು" ಅನ್ನುವುದಿಲ್ಲ. ಆದರೆ ಆ ಮಾತು ಇವಳಿಗೆ ಪೂರ್ತಿ ಹಿಡಿಯಿತು. ಬಾಗಿಲು ದಾಟಿ, ಮೆಟ್ಟಿಲಿಳಿದು, ಗೇಟಿನಾಚೆ ರಸ್ತೆಗೇ ಹೋದಳು. ನಾನು ಓಡಿ ತೋಳು ಹಿಡಿಯುವಷ್ಟರಲ್ಲಿ ಬಸ್ಸೊಂದು ಕಿರ್ರನೆ ನಿಂತಿತ್ತು.

"ಮಗೀನ ಹಿಡ್ಕಳಕಾಗಲ್ವೇನಯ್ಯಾ" ಎಂದು ಡ್ರೈವರ್ ಬೈದ.

ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. ಹೇಳಿದ್ದನ್ನು ಸರಿಯಾಗಿ ಮಾಡಿದ್ದಳಲ್ಲ, ಶಭಾಷ್‌ಗೆ ಕಾಯುತ್ತಿದ್ದಳು.

ಈಗಲೂ ಮನೆಯಲ್ಲೇ ಇದ್ದಾಳೆ. ನಿಮ್ಮ ಮಗುವಿಗೂ ಹೀಗೆ ಆಗಿದ್ದರೆ, ಎಲ್ಲಿಗೆ ಸೇರಿಸಿದಿರಿ, ಏನು ಮಾಡಿದಿರಿ ಎಂದು ಕೆಳಗೆ ಬರೆಯಿರಿ. ನಿಧಾನವಾದರೂ ಎಲ್ಲವನ್ನೂ ಓದುತ್ತೇನೆ.