ಇಲಿ ಹೊತ್ತ ಮೈಕ್ರೋಸ್ಕೋಪು

ಇಲಿ ತಲೆಯ ಮೇಲೆ ಹೊತ್ತು ಓಡಾಡುವ ಮೈಕ್ರೋಸ್ಕೋಪು ಎಂದು ಕೇಳಿದಾಗ ನಾನು ನಂಬಿರಲಿಲ್ಲ. ಕೈಗೆ ಕೊಟ್ಟ ಮೇಲೆ ನೋಡಿದರೆ ಅದು ನನ್ನ ಹೆಬ್ಬೆರಳಿನ ತುದಿಗಿಂತ ದೊಡ್ಡದಾಗಿರಲಿಲ್ಲ. ಜಯಲಕ್ಷ್ಮಿಪುರದ ನಮ್ಮ ಮನೆಗೆ ಹತ್ತಿರದ ಪ್ರಯೋಗಾಲಯವೊಂದರಲ್ಲಿ ತರಬೇತಿ. ನಾವೇ ಅದನ್ನು ಜೋಡಿಸಬೇಕು, ಇಲಿಯ ತಲೆಗೆ ಕೂರಿಸಬೇಕು, ಅದರ ಮಿದುಳಿನ ಕೋಶಗಳು ಮಿನುಗುವುದನ್ನು ಪರದೆಯ ಮೇಲೆ ಹಿಡಿಯಬೇಕು. ಕೋಶ ಚುರುಕಾದಾಗ ಹಸಿರಾಗಿ ಹೊಳೆಯುವಂತೆ ಇಲಿಗಳನ್ನು ಮೊದಲೇ ಸಿದ್ಧಪಡಿಸಿ, ತಲೆಗೆ ಪುಟ್ಟ ಗಾಜಿನ ಕಿಟಕಿ ಇಟ್ಟಿದ್ದರು.

ನನ್ನ ಗೈಡ್ ಖಡಾಖಂಡಿತವಾಗಿ ಹೇಳಿದ್ದರು: "ಒಂದಾದ್ರೂ ಒಳ್ಳೇ ರೆಕಾರ್ಡಿಂಗ್ ತಗೊಂಡ್ ಬಾಮ್ಮ, ನಿನ್ನ ಪಿಎಚ್‌ಡಿ ಇದರ ಮೇಲೇ ಮಾಡೋಣ. ಇಲ್ಲಾಂದ್ರೆ ಸತ್ತ ಮಿದುಳಿನ ಸ್ಲೈಡುಗಳೇ ಗತಿ." ಸ್ಲೈಡು ನೋಡಿ ನೋಡಿ ನನಗೆ ರೋಸಿಹೋಗಿತ್ತು. ಬದುಕಿರುವ ಮಿದುಳು ಬೇಕಿತ್ತು.

ನನಗೆ ಜೋಡಿಯಾದವರು ಕಡಕೊಳದ ಔಷಧಿ ಕಾರ್ಖಾನೆಯ ಕೆಲಸ ಬಿಟ್ಟು ಮತ್ತೆ ಓದಲು ಬಂದಿದ್ದ, ನನಗಿಂತ ಹಿರಿಯ ಹೆಂಗಸು. ಕೊನೆಯ ದಿನ ಯಂತ್ರ ಸಿದ್ಧವಾಯಿತು. ನಾನು ಸ್ವಿಚ್ಚಿಗೆ ಕೈ ಹಾಕಿದೆ, ಅವರು ತಡೆದರು.

"ಹೊಸಾ ಯಂತ್ರ ಕಣ್ರೀ, ಪೂಜೆ ಮಾಡ್ದೆ ಹೆಂಗ್ ಆನ್ ಮಾಡ್ಬುಡ್ತೀರಾ?"

ಬ್ಯಾಗಿನಿಂದ ಬೆಟ್ಟದ ದೇವಸ್ಥಾನದ ಅರಿಶಿನ-ಕುಂಕುಮದ ಪೊಟ್ಟಣ ತೆಗೆದರು. ತರಬೇತಿ ಕೊಡುತ್ತಿದ್ದ ಮೇಷ್ಟ್ರು ನಕ್ಕು, "ಲೆನ್ಸಿನ ಗಾಜಿಗೆ ಮಾತ್ರ ತಾಗಿಸ್ಬೇಡಿ" ಎಂದರು. ನನ್ನ ಜೋಡಿಯವರು ಯಂತ್ರದ ಬೆನ್ನಿಗೆ ಬೊಟ್ಟಿಟ್ಟರು, ನಾನೂ ಇಟ್ಟೆ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುವ ಗಾದೆ ನನ್ನಂಥವರನ್ನು ನೋಡಿಯೇ ಹುಟ್ಟಿರಬೇಕು. ಬೆರಳು ಒರೆಸಿಕೊಳ್ಳದೆ ಯಂತ್ರವನ್ನೆತ್ತಿ ಇಲಿಯ ತಲೆಗೆ ಕೂರಿಸಿ ಸ್ವಿಚ್ ಒತ್ತಿಬಿಟ್ಟೆ.

ಪರದೆಯ ತುಂಬ ಹಸಿರು! "ಬಂತು! ಬಂತು!" ಎಂದು ನಾನು ಎದ್ದು ಕುಣಿದೆ.

ಮೇಷ್ಟ್ರು ಬಗ್ಗಿ ನೋಡಿದರು. "ಹೊಳೀತಿದೆ, ಆದ್ರೆ ಮಿನುಗ್ತಾನೇ ಇಲ್ವಲ್ಲಮ್ಮ. ತೆಗೆದು ಈ ಕಪ್ಪು ಕಾಗದದ ಮೇಲೆ ಹಿಡೀರಿ."

ಹಿಡಿದೆ. ಮಿದುಳೇ ಇಲ್ಲದ ಕಾಗದದ ಮೇಲೂ ಅದೇ ಹಸಿರು. ನನ್ನ ಜೋಡಿಯವರು ನನ್ನ ಬೆರಳು ನೋಡಿ, "ಅಯ್ಯೋ, ಅರಿಶಿನ!" ಎಂದರು. ಯಂತ್ರದ ನೀಲಿ ಬೆಳಕು ಬಿದ್ದರೆ ಅರಿಶಿನವೂ ಹಸಿರಾಗಿ ಹೊಳೆಯುತ್ತದೆ. ನನಗೆ ಸಿಟ್ಟು ನೆತ್ತಿಗೇರಿತು.

"ನಿಮ್ಮ ಪೂಜೆ ಮನೇಲಿ ಇಟ್ಕೊಬಾರ್ದಾಗಿತ್ತಾ?"

"ಬೊಟ್ಟಿಟ್ಟಿದ್ದು ಬೆನ್ನಿಗೆ ಕಣ್ರೀ. ಗಾಜು ಮುಟ್ಟಿದ್ದು ಯಾರ ಬೆರಳು?"

ನಾನು ಸ್ಪಿರಿಟ್ಟಿನಲ್ಲಿ ಮೊದಲು ಬೆರಳು, ಆಮೇಲೆ ಲೆನ್ಸಿನ ಗಾಜು ಒರೆಸಿದೆ. "ಇಲಿ ದಣಿದಿದೆ, ಇನ್ನೊಂದೇ ಸಲ, ಸ್ವಲ್ಪ ಹೊತ್ತು" ಎಂದರು ಮೇಷ್ಟ್ರು.

ಈ ಸಲ ಪರದೆ ಬೂದು ಬಣ್ಣದ್ದು. ಯಂತ್ರ ಹೊತ್ತ ಇಲಿಯನ್ನು ದೊಡ್ಡ ಪೆಟ್ಟಿಗೆಯೊಳಗೆ ಬಿಟ್ಟೆವು, ಅದು ಗೋಡೆ ಹಿಡಿದು ಓಡಿತು. ಆಚೆ ಮೂಲೆ ತಲುಪಿದ್ದೇ ಒಂದು ಚುಕ್ಕಿ ಫಕ್ಕನೆ ಹೊತ್ತಿಕೊಂಡು ಆರಿತು. ಒಂದು ಸುತ್ತು ಹಾಕಿ ಅದೇ ಮೂಲೆಗೆ ಬಂತು, ಅದೇ ಚುಕ್ಕಿ ಹೊತ್ತಿತು. ಆ ಕೋಶಕ್ಕೆ ಆ ಮೂಲೆಯ ಗುರುತಿತ್ತು! ಒಂದು ಜೀವ ತಾನೆಲ್ಲಿದ್ದೇನೆಂದು ಅರಿಯುವುದನ್ನು ನಾನು ಕಣ್ಣಾರೆ ನೋಡುತ್ತಿದ್ದೆ. ಕಣ್ಣು ತುಂಬಿ ಬಂತು.

"ಅಳೋದು ಆಮೇಲೆ! ರೆಕಾರ್ಡ್ ಒತ್ರೀ!" ಜೋಡಿಯವರು ಕೂಗಿದರು.

ನಾನು ಒತ್ತಿಯೇ ಇರಲಿಲ್ಲ. ಒತ್ತಿದೆ. ಇಲಿ ನಡುವೆ ಕೂತು ಮುಖ ತೊಳೆಯತೊಡಗಿತು. ಮೇಷ್ಟ್ರು ಗಡಿಯಾರ ನೋಡಿದರು. "ಹೋಗು ತಾಯಿ, ಹೋಗೇ" ಎಂದು ನಾವಿಬ್ಬರೂ ಪಿಸುಗುಟ್ಟಿದೆವು. ಅದು ಸಾವಕಾಶವಾಗಿ ಕಿವಿ ಉಜ್ಜಿತು, ಮೀಸೆ ಸವರಿಕೊಂಡಿತು, ಆಮೇಲೆ ಎದ್ದು ಮೂಲೆಯ ಕಡೆ ನಡೆಯಿತು.

ಚುಕ್ಕಿ ಹೊತ್ತಿತು. ಗೈಡಿಗೆ ಫೋನ್ ಮಾಡಿ, "ಬದುಕಿರೋ ಮಿದುಳು ಸಿಕ್ತು ಸರ್" ಎಂದೆ.