ಸಾಬವ್ವ ಹೊತ್ತು ಹಾಕಿದ ಹುಲ್ಲು

ಆರು ಹೆಂಗಸರ ನಾಲ್ಕು ದಿನದ ಕೂಲಿ, ದಿನಕ್ಕೆ ತಲೆಗೆ ಇನ್ನೂರರಂತೆ ನಾಲ್ಕು ಸಾವಿರದ ಎಂಟುನೂರು ರೂಪಾಯಿ, 2011ರ ಜನವರಿಯಿಂದ ಬಾಕಿ ನಿಂತಿದೆ. ಕೊಡಬೇಕಾದವನು ಉಡುಪಿ ಕಡೆಯ ವಸಂತಕುಮಾರ. ಮರಾಠಿ ನಾಡಿನ ನೌಪಾಡಾದಲ್ಲಿ ಹೋಟೆಲು, ಕಲ್ಯಾಣದ ಹತ್ತಿರದ ಟಿಟ್ವಾಳಾದ ಆಚೆ ಗುಡ್ಡದ ಬುಡದಲ್ಲಿ ಐದೆಕರೆ ಜಾಗ, ಅದರೊಳಗೊಂದು ಬಂಗಲೆ, ಒಂದಷ್ಟು ಮಾವಿನ ಗಿಡ. ಬರಬೇಕಾದದ್ದು ಸಾಬವ್ವನಿಗೆ, ಅವಳ ಜೊತೆಯ ಐದು ಜನಕ್ಕೆ.

ಸಾಬವ್ವ ಬಿಜಾಪುರದ ಕಡೆಯವಳು. ಕಲ್ಯಾಣದ ಬಿಲ್ಡಿಂಗುಗಳಿಗೆ ಹದಿನೈದು ವರ್ಷ ಇಟ್ಟಿಗೆ ಹೊತ್ತಳು. ಅವುಗಳಲ್ಲಿ ಒಂದರ ಲಿಫ್ಟನ್ನೂ ಹತ್ತಿದವಳಲ್ಲ. ವಸಂತಕುಮಾರನ ತಂತಿಬೇಲಿಗೆ ಒತ್ತಿಕೊಂಡ ಹನ್ನೊಂದು ತಗಡಿನ ಮನೆಗಳಲ್ಲಿ ಒಂದು ಅವಳದು. ಮಳೆಗಾಲದಲ್ಲಿ ಆಳೆತ್ತರ ಬೆಳೆದ ಹುಲ್ಲು ಸಂಕ್ರಾಂತಿಗೆಲ್ಲ ಒಣಗಿ ನಿಲ್ಲುತ್ತದೆ. ಆಮೇಲೆ ಗುಡ್ಡ ಹೊತ್ತಿಕೊಳ್ಳುವುದು ಅಲ್ಲಿ ವರ್ಷವರ್ಷದ ಮಾತು. ಬೇಲಿಯೊಳಕ್ಕೆ ಬೆಂಕಿ ಇಳಿದರೆ ಹನ್ನೊಂದು ಮನೆಗೂ ಒಂದೇ ಗತಿ.

ಹಾಗಾಗಿ ಬೇಲಿಯ ಸುತ್ತ ಇಪ್ಪತ್ತಡಿ ಅಗಲ ಹುಲ್ಲು ಕೊಯ್ಯಲು ಕರೆ ಬಂದಾಗ ಅವಳು ಚೌಕಾಶಿ ಮಾಡಲಿಲ್ಲ. ಕೊಯ್ದ ಕೂಲಿಯೂ ಕೈಸೇರಿತು. ಜಗಳ ಎದ್ದದ್ದು ಕೊಯ್ದು ಬಿದ್ದ ಹುಲ್ಲಿಗೆ.

"ಅದನ್ನೆಲ್ಲ ಮಾವಿನ ಗಿಡಗಳ ಬುಡಕ್ಕೆ ಹಾಕು," ಎಂದ ವಸಂತಕುಮಾರ. "ನಮ್ಮ ಊರಲ್ಲಿ ಹಾಗೇ ಮಾಡುವುದು ಮಾರಾಯ್ತಿ. ಬುಡ ತಂಪಾಗಿರ್ತದೆ."

"ನಿಮ್ಮೂರಾಗ ಹಸಿ ಸೊಪ್ಪು ಹಾಕ್ತಾರ್ರಿ, ಮಳಿ ಬಿದ್ದು ಕೊಳೀತೈತಿ. ಇದು ಕಡ್ಡಿಪೆಟಗಿ ಇದ್ಹಂಗ ಐತಿ. ಗಿಡಕ್ಕೊಂದು ಚಿತಾ ಒಟ್ಟಬೇಕಂತೀರೇನು?"

"ತೋಟದ ವಿಷಯ ನಿನಗೆ ಎಂತ ಗೊತ್ತುಂಟು? ಹೇಳಿದಷ್ಟು ಮಾಡು."

ಅವಳು ಮಾಡಲಿಲ್ಲ. ಮೇವಿನ ಬಣವೆಯನ್ನು ಮನೆಯಿಂದ ದೂರ ಒಟ್ಟಬೇಕೆಂದು ಬಿಜಾಪುರದ ಕೂಸಿಗೂ ಗೊತ್ತು. ಧಣಿಯ ಕಾರು ರಸ್ತೆ ದಾಟಿದ್ದೇ ತಡ, ಹೆಂಗಸರು ಹುಲ್ಲನ್ನು ಹೊರೆ ಕಟ್ಟಿ, ನಾಲ್ಕು ದಿನ ಹೊತ್ತು, ರಸ್ತೆಯಾಚೆಯ ಎಮ್ಮೆ ಕಟ್ಟುವ ತಬೇಲಾಕ್ಕೆ ಹಾಕಿಬಂದರು. ಕಾವಲಿನ ಚೆನ್ನಯ ಮಾತ್ರ ಬೈಗುಳಕ್ಕೆ ಹೆದರಿ ಗೇಟಿನ ಬಳಿಯ ಆರು ಗಿಡಗಳ ಬುಡಕ್ಕೆ ಹುಲ್ಲು ಉಳಿಸಿಕೊಂಡ.

ಭಾನುವಾರ ಬಂದ ವಸಂತಕುಮಾರ ಹಾರಾಡಿದ: "ನನ್ನ ಹುಲ್ಲು ಕದ್ದದ್ದಕ್ಕೆ ನಾನೇ ಕೂಲಿ ಕೊಡಬೇಕಾ?"

ಮಾರ್ಚಿನ ಒಂದು ಮಟಮಟ ಮಧ್ಯಾಹ್ನ ಗುಡ್ಡ ಹೊತ್ತಿತು. ಬೆಂಕಿ ಬೇಲಿಯವರೆಗೆ ಇಳಿದು, ಬರಿ ನೆಲ ಕಂಡು, ತಿನ್ನಲು ಏನೂ ಸಿಗದೆ ಸತ್ತಿತು. ಗಾಳಿಗೆ ಹಾರಿದ ಕಿಡಿ ಗೇಟಿನ ಬಳಿ ಬಿತ್ತು. ಹೆಂಗಸರು ಒದ್ದೆ ಗೋಣಿಚೀಲದಲ್ಲಿ ಬಡಿದು ಆರಿಸುವಷ್ಟರಲ್ಲಿ ಚೆನ್ನಯನ ಆರು ಗಿಡ ಕರಿಕಡ್ಡಿಯಾಗಿದ್ದವು. ಉಳಿದ ಗಿಡ, ಬಂಗಲೆ, ಹನ್ನೊಂದು ಮನೆ, ಯಾವುದಕ್ಕೂ ಏನೂ ಆಗಲಿಲ್ಲ.

ಮರುದಿನ ವಸಂತಕುಮಾರ ಟಿಟ್ವಾಳಾದ ಗಣಪತಿ ಗುಡಿಗೆ ಹೋಗಿಬಂದು ಗೇಟಿನ ಬಳಿ ಪೇಡೆ ಹಂಚಿದ. "ಗಣಪತಿ ದೇವರೇ ಕಾಪಾಡಿದ್ದು."

"ಗಣಪ್ಪ ನಾಕ್ ದಿನ ಹೊರಿ ಹೊತ್ತಿದ್ನೇನ್ರಿ ಸಾವ್ಕಾರ್ರ? ಹಂಗಾರ ಅವನ ಪಗಾರ ನನ್ನ ಕೈಯಾಗ ಕೊಡ್ರಿ, ಮುಟ್ಟಸ್ತೀನಿ."

ಚೆನ್ನಯ ಹೆಗಲ ಮೇಲಿನ ಬೈರಾಸು ಬಾಯಿಗೆ ತುರುಕಿಕೊಂಡು ನಕ್ಕ. ಸಾಬವ್ವನಿಗೆ ಪೇಡೆ ಸಿಕ್ಕಿತು, ದುಡ್ಡು ಸಿಗಲಿಲ್ಲ.

ಮುಂದಿನ ವರ್ಷ ಅವನು ಯಾರನ್ನೂ ಕರೆಯಲಿಲ್ಲ. ಹುಲ್ಲು ಮತ್ತೆ ಆಳೆತ್ತರ ನಿಂತು ಒಣಗಿತು. ಸಂಕ್ರಾಂತಿಯ ಮರುದಿನ ಸಾಬವ್ವ ಐವರನ್ನು ಕರೆದುಕೊಂಡು ತಂತಿಯ ಕೆಳಗೆ ನುಸುಳಿ, ಮನೆಗಳ ಬದಿಯ ಹುಲ್ಲಿಗೆ ಕುಡುಗೋಲು ಹಾಕಿದಳು. ಚೆನ್ನಯ ಫೋನು ಮಾಡಿದ, ಕಾರು ಬಂತು.

"ಇದು ನನ್ನ ಪ್ರೈವೇಟ್ ಜಾಗ! ಪೊಲೀಸರನ್ನು ಕರೀತೇನೆ ನೋಡು!"

"ಕರೀರಿ. ಬರೋವಾಗ ಕುಡುಗೋಲು ತರಾಕ ಹೇಳ್ರಿ, ನಮಗ ಆಳು ಕಡಿಮಿ ಬಿದ್ದಾವ." ಅವಳು ಬಗ್ಗಿದ ಬೆನ್ನು ಎತ್ತಲಿಲ್ಲ. "ಜಾಗಾ ನಿಮ್ದು. ಬೆಂಕಿ ಮಾತ್ರ ನಮ್ದೇನ್ರಿ?"

ಯಾವ ಪೊಲೀಸೂ ಬರಲಿಲ್ಲ. ಅಂದಿನಿಂದ ಪ್ರತಿ ಜನವರಿ ಅವಳು ಹಾಗೆಯೇ ನುಗ್ಗುತ್ತಾಳೆ, ಕೊಯ್ಯುತ್ತಾಳೆ, ಹೊತ್ತು ಹಾಕುತ್ತಾಳೆ. ಬಿಟ್ಟಿಯಾಗಿ.

ಊರಾಚೆ ಜಾಗ ಕೊಂಡು, ಗೇಟಿಗೆ ಬೀಗ ಜಡಿದು ಬಂದಿರುವ ನಿಮಗೇ ಹೇಳುತ್ತಿರುವುದು. ಈ ಭಾನುವಾರ ಹೋಗಿ, ನಿಮ್ಮ ಬೇಲಿಯಾಚೆ ಯಾರ ಮನೆಯಿದೆ ನೋಡಿ. ಹುಲ್ಲು ಕೊಯ್ಯಿಸಿ, ಕೊಯ್ದದ್ದನ್ನು ಹೊರಗೆ ಸಾಗಿಸಿ, ಎರಡೂ ಕೆಲಸದ ಕೂಲಿಯನ್ನು ಅದೇ ಸಂಜೆ ಕೈಗೆ ಕೊಡಿ.