ಔಷಧದ ಗೂಡಿನ ಕೆಂಪು ಬಾಟಲಿ

ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಬಾಟಲಿಯ ಗಾಜೇ ಕೆಂಪಗಿತ್ತೋ, ಒಳಗಿನದು ಮಾತ್ರ ಕೆಂಪಗಿತ್ತೋ, ಈಗ ಖಚಿತವಾಗಿ ಹೇಳಲಾರೆ. ಅತಿಥಿ ಬಂದದ್ದು ಶನಿವಾರ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಆದರೆ ಶನಿವಾರ ಅಜ್ಜಿ ರಾತ್ರಿ ಊಟ ಮಾಡುತ್ತಿರಲಿಲ್ಲ, ಅವತ್ತು ಅವಳು ಊಟ ಮಾಡಿದ್ದು ನೆನಪಿದೆ. ಎರಡರಲ್ಲಿ ಒಂದು ಸುಳ್ಳು. ಆಗಲೇ ನಾನು ದಿನಚರಿ ಬರೆಯುತ್ತಿದ್ದೆ, ತಾರೀಖು ಹಾಕುವ ಅಭ್ಯಾಸ ಮಾತ್ರ ಇರಲಿಲ್ಲ. ಹುಡುಕಿ ತೆಗೆದರೆ ಆ ಪುಟದಲ್ಲಿ ಇಷ್ಟೇ ಇದೆ: "ಅತಿಥಿ ಬಂದಿದ್ದರು. ಸಾರಿಗೆ ಉಪ್ಪು ಜಾಸ್ತಿ." ಬಿ.ಎಸ್ಸಿ.ಯಲ್ಲಿ ರಸಾಯನಶಾಸ್ತ್ರ ಓದುತ್ತಿದ್ದವಳ ವೀಕ್ಷಣೆ ಅಷ್ಟು. ಉಳಿದದ್ದನ್ನೆಲ್ಲ ನೆನಪಿನಿಂದ ಬರೆಯುತ್ತಿದ್ದೇನೆ.

ಅರವತ್ತರ ದಶಕದ ಮೊದಲ ವರ್ಷಗಳು. ಅಪ್ಪನಿಗೆ ಪದೇ ಪದೇ ವರ್ಗವಾಗುತ್ತಿದ್ದರಿಂದ ಕಾಲೇಜಿಗೆಂದು ನನ್ನನ್ನು ಜಯನಗರದಲ್ಲಿ ಅಜ್ಜಿಯ ಹತ್ತಿರ ಬಿಟ್ಟಿದ್ದರು. ಬಾಡಿಗೆ ಮನೆಯಲ್ಲಿ ನಾವು ಮೂವರೇ: ಅಜ್ಜಿ, ನಾನು, ಇನ್ನೂ ಮದುವೆಯಾಗದ ಚಿಕ್ಕಪ್ಪ. ಸುತ್ತ ಮುಕ್ಕಾಲು ಪಾಲು ಖಾಲಿ ಸೈಟುಗಳು. ಸಂಜೆ ಜಗಲಿಯಲ್ಲಿ ಕೂತರೆ ಯಡಿಯೂರು ಕೆರೆಯ ಕಡೆಯ ಗಾಳಿಗೆ ಅಡ್ಡ ಬರುವ ಗೋಡೆಯೇ ಇರಲಿಲ್ಲ.

ಚಿಕ್ಕಪ್ಪ ಒಂದು ಕಾರ್ಖಾನೆಯಲ್ಲಿ ಇಂಜಿನಿಯರ್. ಕಾರ್ಖಾನೆಯವರು ಅವನನ್ನು ಎಂಟು ತಿಂಗಳ ತರಬೇತಿಗೆ ಇಟಲಿಗೆ ಕಳಿಸಿದ್ದರು. ಅಲ್ಲಿ ಅವನಿಗೆ ಕೆಲಸ ಕಲಿಸಿದ ಹಿರಿಯ ಇಂಜಿನಿಯರು, ಈ ಹುಡುಗ ಬರೀ ಬ್ರೆಡ್ಡು ಆಲೂಗಡ್ಡೆ ತಿಂದು ಸೊರಗುತ್ತಿದ್ದಾನೆಂದು ಕಂಡು, ಪ್ರತಿ ಭಾನುವಾರ ಮನೆಗೆ ಕರೆದರಂತೆ. ಅವರ ಹೆಂಡತಿ ಇವನಿಗೋಸ್ಕರ ಮಾಂಸ ಮೊಟ್ಟೆ ಸೋಕದ ಅಡುಗೆ ಮಾಡುತ್ತಿದ್ದರು. ಊಟಕ್ಕೆ ಮುಂಚೆ ಆ ಇಂಜಿನಿಯರು ತಾವೇ ಒಂದು ಕಹಿ ಪಾನೀಯ ತಯಾರಿಸುತ್ತಿದ್ದರು. ಜಿನ್ ಒಂದು ಪಾಲು, ಬೇರುಬೊಡ್ಡೆ ಹಾಕಿದ ಸಿಹಿ ವೈನ್ ಒಂದು ಪಾಲು, ಕೆಂಪಗಿರುವ ಕಹಿ ಮದ್ಯ ಒಂದು ಪಾಲು. ಐಸಿನ ಮೇಲೆ ಸುರಿದು ನಿಧಾನವಾಗಿ ಕಲಕುವುದು. ಅದನ್ನು ಕುಡಿದರೆ ಚೆನ್ನಾಗಿ ಹಸಿವಾಗುತ್ತದೆಂದು ಅವರ ಲೆಕ್ಕ. ಹೊರಡುವ ದಿನ ಚಿಕ್ಕಪ್ಪ, "ನೀವು ನಮ್ಮನೆಗೆ ಬಂದಾಗ ಇದನ್ನ ನಾನು ಮಾಡಿಕೊಡ್ತೀನಿ" ಎಂದು ಮಾತು ಕೊಟ್ಟ. ಅವರು ನಕ್ಕು, ವೈನಿನದೊಂದು, ಕಹಿಯದೊಂದು, ಎರಡು ಬಾಟಲಿ ಕೊಟ್ಟು ಕಳಿಸಿದರು.

ಊರಿಗೆ ಬಂದ ದಿನ ಟ್ರಂಕು ಬಿಚ್ಚಿದ್ದು ಅಜ್ಜಿ. ಮೊದಲು ಕೈಗೆ ಸಿಕ್ಕಿದ್ದು ಕೆಂಪು ಬಾಟಲಿ.

"ಏನೋ ಇದು?"

"ಅದು... ಔಷಧಿ ಅಮ್ಮ. ಹೊಟ್ಟೆಗೆ."

ಅಜ್ಜಿ ಬಿರಡೆ ತೆಗೆದು ಒಂದು ಹನಿ ಅಂಗೈಗೆ ಹಾಕಿಕೊಂಡು ನೆಕ್ಕಿದಳು. ಮುಖ ಕಿವುಚಿಕೊಂಡು, "ಒಳ್ಳೇ ಔಷಧಿ" ಎಂದಳು. ನಮ್ಮ ಮನೆಯಲ್ಲಿ ಕಹಿಯಾದದ್ದೆಲ್ಲ ಔಷಧ. ಬೇಕೆಂದೇ ಕಹಿ ಕುಡಿಯುವವರು ಭೂಮಿಯ ಮೇಲೆ ಇದ್ದಾರೆಂದು ಅವಳಿಗೆ ಹೇಳಿದ್ದರೂ ನಂಬುತ್ತಿರಲಿಲ್ಲ. ಬಾಟಲಿ ನೇರವಾಗಿ ಅಡುಗೆಮನೆಯ ಔಷಧದ ಗೂಡಿಗೆ, ಬಜೆ ಅಳಲೆಕಾಯಿಗಳ ಪಕ್ಕಕ್ಕೆ ಹೋಯಿತು. ಸುಳ್ಳು ಹೇಳಿದ ಮೇಲೆ ಚಿಕ್ಕಪ್ಪ ಅದನ್ನು ವಾಪಸ್ಸು ಕೇಳುವುದು ಹೇಗೆ? ವೈನಿನ ಬಾಟಲಿಯನ್ನು ಟ್ರಂಕಿನಲ್ಲೇ ಇಟ್ಟು ಬೀಗ ಹಾಕಿಕೊಂಡ.

ಮುಂದಿನ ಒಂದು ವರ್ಷ ಅಜ್ಜಿ ಶ್ರದ್ಧೆಯಿಂದ ವೈದ್ಯ ಮಾಡಿದಳು. ಹಬ್ಬದೂಟ ಹೆಚ್ಚಾದರೆ ಒಂದು ಚಮಚ. ಹೋಳಿಗೆಗೆ ಎರಡು. ಎದುರು ಮನೆಯ ನಿವೃತ್ತ ಮೇಷ್ಟ್ರಿಗೆ ವಾರಕ್ಕೆ ಮೂರು ಸಲ ಹೊಟ್ಟೆ ಉಬ್ಬರಿಸತೊಡಗಿತು. "ನಿಮ್ಮ ಕೈಗುಣ ದೊಡ್ಡದು ತಾಯಿ, ನಿದ್ದೇನೂ ಸಖತ್ತಾಗಿ ಬರುತ್ತೆ" ಎನ್ನುತ್ತಿದ್ದರು. ಮೇಷ್ಟ್ರು "ಸಖತ್ತು" ಎಂದರೇ? ಅದು ನಾನೇ ಸೇರಿಸಿದ್ದಿರಬೇಕು.

ಆ ಇಟಲಿಯ ಇಂಜಿನಿಯರು ಯಂತ್ರ ಕೂರಿಸಲು ಬೆಂಗಳೂರಿಗೆ ಬರುತ್ತಾರೆ, ನಮ್ಮ ಮನೆಗೇ ಊಟಕ್ಕೆ ಬರುತ್ತಾರೆ ಎಂದು ಗೊತ್ತಾದ ದಿನ ಚಿಕ್ಕಪ್ಪ ಕುಣಿಯುತ್ತ ಬಂದು ಗೂಡಿಗೆ ಕೈಹಾಕಿದ. ಬಾಟಲಿಯ ತಳದಲ್ಲಿ ಒಂದು ಬೆರಳಷ್ಟು ಉಳಿದಿತ್ತು.

ಅವನು ಅಲ್ಲೇ ಮಣೆಯ ಮೇಲೆ ಕುಸಿದ. "ಎಂಟು ತಿಂಗಳು ಅವರ ಮನೆ ಅನ್ನ ತಿಂದಿದೀನಿ. ಮಾತು ಕೊಟ್ಟಿದ್ದು ಇದೊಂದೇ. ಇದನ್ನೂ ಕೊಡಕ್ಕಾಗಲ್ಲ ಅಂದ್ರೆ ಯಾವ ಮುಖ ತೋರಿಸ್ಲಿ?" ಬೆಂಗಳೂರಿನಲ್ಲಿ ಅದು ಸಿಗುತ್ತಿರಲಿಲ್ಲ. ದಂಡಿನ, ಅಂದರೆ ಕಂಟೋನ್ಮೆಂಟಿನ, ಅಂಗಡಿಗಳನ್ನೆಲ್ಲ ಸುತ್ತಿ ಬಂದ, ಜಿನ್ ಒಂದು ಸಿಕ್ಕಿತು, ಅಷ್ಟೇ.

ಕೊನೆಗೆ ದಾರಿ ತೋರಿಸಿದವಳು ಅಜ್ಜಿ. "ಖಾಲಿ ಆಯ್ತು ಅಂತ ಯಾಕೋ ಹಂಗೆ ಕೂತಿದೀಯ? ನಾನು ಮಾಡಿಕೊಡ್ತೀನಿ. ವರ್ಷದಿಂದ ನೆಕ್ತಾ ಇದೀನಿ, ಅದರಲ್ಲಿ ಏನಿದೆ ಅಂತ ನಾಲಗೆಗೆ ಗೊತ್ತಾಗಲ್ವಾ?"

ಒಣಗಿಸಿಟ್ಟ ಕಿತ್ತಳೆ ಸಿಪ್ಪೆ, ಹೇರಳೆಕಾಯಿಯ ಸಿಪ್ಪೆ, ನೆಲಬೇವು, ಒಂದು ಹಿಡಿ ಲಾವಂಚದ ಬೇರು. ಕುದಿಸಿ ಅರ್ಧಕ್ಕಿಳಿಸಿ, ಸೋಸಿ, ಸಕ್ಕರೆ ಪಾಕಕ್ಕೆ ಹಾಕಿದಳು. ಬಣ್ಣಕ್ಕೆ ಬೀಟ್‌ರೂಟಿನ ಒಂದು ಹೋಳು. ಉಳಿದಿದ್ದ ಬೆರಳಷ್ಟನ್ನು ಚಿಕ್ಕಪ್ಪ ಅದಕ್ಕೆ ಬೆರೆಸಿದ. ರುಚಿ ನೋಡಿ, "ಹತ್ತಿರ ಇದೆ" ಎಂದ. ಎಷ್ಟು ಹತ್ತಿರ ಎಂದು ನಾನು ಕೇಳಲಿಲ್ಲ. ಅಜ್ಜಿಗಿದ್ದ ತಕರಾರು ಬೇರೆ: "ಊಟಕ್ಕೆ ಮುಂಚೆ ಕಷಾಯ ಕುಡಿಸಿದ್ರೆ ಬಂದೋರು ಊಟ ಮಾಡ್ತಾರೇನೋ? ಊಟ ಆದಮೇಲೆ ಕೊಡೋದು ಪದ್ಧತಿ."

"ಅವರ ದೇಶದಲ್ಲಿ ಮುಂಚೇನೇ ಅಮ್ಮ."

"ಅದಕ್ಕೇ ಪಾಪ ಅಷ್ಟು ದೂರ ಕೆಲಸಕ್ಕೆ ಬರಬೇಕಾಗಿದೆ."

ಕಲಕುವ ಕೆಲಸ ನನ್ನದಾಯಿತು. ಮನೆಯ ಪಾತ್ರೆಗಳಿಗೆಲ್ಲ ಹುಳಿಯ, ಇಂಗಿನ ವಾಸನೆ. ಹಾಗಾಗಿ ಅವೆನ್ಯೂ ರಸ್ತೆಯಿಂದ ಹೊಸ ಬೀಕರು, ಗಾಜಿನ ಕಡ್ಡಿ ಕೊಂಡು ತಂದೆ. ಚಿಕ್ಕಪ್ಪ ಐಸ್ ಫ್ಯಾಕ್ಟರಿಯಿಂದ ಒಂದು ದಿಮ್ಮಿಯನ್ನು ಮರದ ಹೊಟ್ಟಿನ ಗೋಣಿಯಲ್ಲಿ ಸುತ್ತಿ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಬಂದ. ಬಂದ ದಾರಿಯುದ್ದಕ್ಕೂ ನೀರಿನ ಗೆರೆ, ದಿಮ್ಮಿ ಅರ್ಧಕ್ಕಿಳಿದಿತ್ತು. ತೊಳೆದು, ಟವಲಿನಲ್ಲಿ ಸುತ್ತಿ, ಒಗೆಯುವ ಕಲ್ಲಿಗೆ ಬಡಿದು ಒಡೆದೆವು.

"ಕುಲುಕಬೇಡ. ಬೀಕರಿನ ಗೋಡೆಗೆ ಕಡ್ಡಿ ಒತ್ತಿಕೊಂಡೇ ತಿರುಗಿಸು. ಸದ್ದು ಬರಬಾರದು" ಎಂದು ಚಿಕ್ಕಪ್ಪ ಪಿಸುಗುಟ್ಟಿದ. ಅಜ್ಜಿ ಅಡುಗೆಮನೆಯಲ್ಲಿದ್ದಳು. ನಾವು ಹಜಾರದ ಪರದೆಯ ಹಿಂದೆ. ಮೂರನ್ನೂ ಅಳತೆಯ ಲೋಟದಲ್ಲಿ ಸಮನಾಗಿ ಸುರಿದು ತಿರುಗಿಸಿದೆ. ಐಸಿನ ಚೂಪು ಅಂಚುಗಳು ನುಣುಪಾದವು, ಬೀಕರಿನ ಹೊರಗೆ ಮಂಜು ಕಟ್ಟಿತು. ಕಾಲೇಜಿನಲ್ಲಿ ನನ್ನ ಪ್ರಯೋಗಗಳು ಅಷ್ಟು ಚೆಂದ ಬಂದದ್ದಿಲ್ಲ. ಕಡ್ಡಿಯ ತುದಿಯನ್ನು ಒಮ್ಮೆ ನೆಕ್ಕಿದೆ. ಮೊದಲು ಸಿಹಿ, ಆಮೇಲೆ ಉರಿ, ಆಮೇಲೆ ಅಜ್ಜಿ.

"ಏನೋ ಆಸ್ಪತ್ರೆ ವಾಸನೆ?" ಎಂದು ಒಳಗಿನಿಂದ ಕೂಗಿದಳು.

"ಗ್ಲಾಸ್ ಸ್ಪಿರಿಟಲ್ಲಿ ಒರೆಸಿದೆ ಅಮ್ಮ! ದೊಡ್ಡೋರು ಬರ್ತಾ ಇದಾರಲ್ಲ!"

ಅತಿಥಿ ಬಂದಾಗ ಇನ್ನೂ ಬೆಳಕಿತ್ತು. ಎತ್ತರದ ಆಳು. ಹೊಸಿಲಿನಲ್ಲಿ ಬೂಟು ಬಿಚ್ಚಿ, ಅಜ್ಜಿಗೆ ಬಗ್ಗಿ ಕೈಮುಗಿದರು. ಜಗಲಿಯ ಬೆತ್ತದ ಕುರ್ಚಿಯಲ್ಲಿ ಕೂರಿಸಿ ಚಿಕ್ಕಪ್ಪ ಲೋಟ ಕೊಟ್ಟ. ಇದು ಮಾತ್ರ ಖಂಡಿತ ನಿಜ, ಕೊಡುವಾಗ ಐಸು ಗಲಗಲ ಎನ್ನುತ್ತಿತ್ತು.

ಅವರು ಬಣ್ಣ ನೋಡಿದರು, ಮೂಸಿದರು, ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. ನಾನು ಮನಸ್ಸಿನಲ್ಲೇ ಎಣಿಸತೊಡಗಿದೆ, ಹನ್ನೊಂದಕ್ಕೆ ಕಣ್ಣು ಬಿಟ್ಟರು. ಆಮೇಲೆ ಬಾಗಿಲಲ್ಲಿ ನಿಂತಿದ್ದ ಅಜ್ಜಿಯ ಕಡೆ ತಿರುಗಿ, ಎದೆಯ ಮೇಲೆ ಕೈಯಿಟ್ಟು, ತಮ್ಮ ಭಾಷೆಯಲ್ಲಿ ಏನೋ ಹೇಳಿದರು. ಅದು ಬಹಳ ಹೊತ್ತು ನಡೆಯಿತು. ನಡುವೆ ಒಮ್ಮೆ ನಕ್ಕರು, ಒಮ್ಮೆ ಲೋಟವನ್ನು ಬೆಳಕಿಗೆ ಹಿಡಿದರು. ನಮ್ಮಲ್ಲಿ ಅದು ಅರ್ಥವಾಗುವುದು ಚಿಕ್ಕಪ್ಪನೊಬ್ಬನಿಗೇ. ಅವನ ಕಿವಿ ಕೆಂಪಾದವು.

"ಏನಂತಾರೋ?" ಅಜ್ಜಿ ಕೇಳಿದಳು.

"ತುಂಬಾ ಚೆನ್ನಾಗಿದೆಯಂತೆ."

"ಅಷ್ಟುದ್ದ ಹೇಳಿದ್ರಲ್ಲೋ!"

"ಅವರ ಭಾಷೇನೇ ಉದ್ದ ಅಮ್ಮ."

ಅತಿಥಿ ಲೋಟ ಖಾಲಿ ಮಾಡಿದರು. ಊಟವನ್ನೂ ಗಡದ್ದಾಗಿ ಮಾಡಿದರು. ಅದು ಅಜ್ಜಿಯ ಕೈಯದೆಂದು ಚಿಕ್ಕಪ್ಪ ಯಾವಾಗ ಹೇಳಿದ್ದನೋ, ಹೋಗುವಾಗ ಉಳಿದ ಕಷಾಯವನ್ನು ಕೇಳಿ ಒಂದು ಶೀಸೆಯಲ್ಲಿ ಹಾಕಿಸಿಕೊಂಡರು. ಅಲ್ಲಿಗೆ ಗೆದ್ದೆವು ಎಂದುಕೊಂಡೆ. ಆದರೆ ಅವರ ಕಾರು ಹೋದ ಮೇಲೆ ಚಿಕ್ಕಪ್ಪ ಮೆಟ್ಟಿಲ ಮೇಲೆ ನನಗೆ ಬೆನ್ನು ಮಾಡಿ ಕೂತ. ಭುಜ ಅಲುಗುತ್ತಿತ್ತು. ನಗುತ್ತಿದ್ದ ಎಂದೇ ಇಷ್ಟು ದಿನ ಎಲ್ಲರಿಗೂ ಹೇಳಿದ್ದೇನೆ. ಮುಖ ನಾನು ನೋಡಿರಲಿಲ್ಲ.

ಇಷ್ಟವಾಗಿದ್ದಕ್ಕೆ ಕೇಳಿ ಒಯ್ದರೋ, ಮುದುಕಿಯ ಮನಸ್ಸು ನೋಯದಿರಲೆಂದು ಒಯ್ದರೋ, ಅಥವಾ ಇಂಥದ್ದೊಂದು ಜಗತ್ತಿನಲ್ಲಿದೆ ಎಂದು ಹೆಂಡತಿಗೆ ತೋರಿಸಲೋ? ಅಜ್ಜಿ ತನ್ನ ಔಷಧ ಸಮುದ್ರ ದಾಟಿತೆಂಬ ಹೆಮ್ಮೆಯಲ್ಲೇ ತೀರಿಕೊಂಡಳು. ಅವಳ ಮುಂದೆ ಕೇಳುವ ಹಾಗಿರಲಿಲ್ಲ. ಆಮೇಲೆ ಚಿಕ್ಕಪ್ಪನನ್ನು ಮೂರು ಸಲ ಕೇಳಿದ್ದೇನೆ. ಒಂದು ಸಲ ಅವನಿಗೆ ಇಟಾಲಿಯನ್ ಮರೆತುಹೋಗಿತ್ತು, ಮತ್ತೊಂದು ಸಲ ಕಿವಿ ಕೇಳಿಸಲಿಲ್ಲ. ಹೋದ ತಿಂಗಳು ಜೆ.ಪಿ. ನಗರದ ಅವನ ಮನೆಯಲ್ಲಿ, ಕಿವಿಯ ಯಂತ್ರ ಸರಿಯಾಗಿದೆಯೆಂದು ಖಾತ್ರಿ ಮಾಡಿಕೊಂಡೇ, ಎದುರಿಗೆ ಕೂತು ಮತ್ತೆ ಕೇಳಿದೆ:

"ಚಿಕ್ಕಪ್ಪ, ನಿಜ ಹೇಳು, ಅವತ್ತು ಜಗಲಿ ಮೇಲೆ ಅವರು ಅಜ್ಜಿಗೆ ಅಷ್ಟುದ್ದ ಹೇಳಿದ್ದು ಏನು?"